ತಟ್ಟೆಯಲ್ಲಿ ತಣ್ಣಗಾದ ಕೋಶ, ಮೈಯಲ್ಲಿ?

ಪಡ್ಡು ಹಾಕುವ ಕಾವಲಿಯನ್ನು ಅಂಗೈಯಗಲಕ್ಕೆ ಕುಗ್ಗಿಸಿ, ಕಬ್ಬಿಣದ ಬದಲು ತಿಳಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಏಳೆಂಟು ಗುಳಿಗಳ ಜಾಗದಲ್ಲಿ ತೊಂಬತ್ತಾರು ಗುಳಿ ಮಾಡಿದರೆ ಹೇಗಿರುತ್ತದೆ? ರೋಗನಿರೋಧಕ ಕೋಶಗಳ ಮೇಲೆ ಔಷಧಗಳನ್ನು ಪರೀಕ್ಷಿಸುವ ತಟ್ಟೆ ಹಾಗೆಯೇ ಇರುತ್ತದೆ. ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ. ಒಂದು ಗುಳಿಗೆ ಹಿಡಿಸುವುದು ಕಾಲು ಮಿಲಿಲೀಟರಿನ ಆಸುಪಾಸು. ಅಷ್ಟರಲ್ಲೇ ಲಕ್ಷದಷ್ಟು ಬಿಳಿ ರಕ್ತಕಣಗಳು ಈಜುತ್ತಿರುತ್ತವೆ. ಕೆಲವು ಸಾಲುಗಳಿಗೆ ಔಷಧ ಬೀಳುತ್ತದೆ, ಕೆಲವಕ್ಕೆ ಔಷಧವಿಲ್ಲದ ದ್ರವ ಮಾತ್ರ. ಮೂವತ್ತೇಳು ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ಹೊರತೆಗೆದು, ಯಾವ ಗುಳಿಯ ಕೋಶಗಳು ಎಷ್ಟು ಹೆಚ್ಚಿದವು, ಏನೇನು ಸುರಿಸಿದವು ಎಂದು ಅಳೆಯುತ್ತಾರೆ. ಈ ಕಣಗಳಲ್ಲಿ ದಾಳಿ ನಡೆಸುವ, ದಾಳಿಗೆ ಹುರಿದುಂಬಿಸುವ ಒಂದು ಬಗೆಗೆ ಟಿ ಕೋಶವೆಂದು ಹೆಸರು. ‘ಈ ಔಷಧವು ಟಿ ಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ’ ಎಂಬ ವಾಕ್ಯ ಹುಟ್ಟುವುದು ಇಲ್ಲಿ.

ಆ ವಾಕ್ಯ ಸಂಶೋಧನಾ ಪ್ರಬಂಧದಿಂದ ಪತ್ರಿಕೆಗೆ, ಪತ್ರಿಕೆಯಿಂದ ಮೊಬೈಲಿಗೆ ಬರುವಷ್ಟರಲ್ಲಿ ತಟ್ಟೆ ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತದೆ. ‘ಔಷಧ’ ಮತ್ತು ‘ತಗ್ಗಿಸುತ್ತದೆ’ ಎಂಬ ಎರಡು ಪದಗಳು ಮಾತ್ರ ಮನೆ ಮುಟ್ಟುತ್ತವೆ. 1909ರಿಂದ ವಿಜ್ಞಾನ ಸಂಸ್ಥೆಯನ್ನೂ 1978ರಿಂದ ಬಯೋಕಾನ್ ಕಂಪನಿಯನ್ನೂ ಕಂಡ ಬೆಂಗಳೂರಿನಲ್ಲಿ ಇಂಥ ಸುದ್ದಿಗಳಿಗೆ ಬರವಿಲ್ಲ. ಬಿದ್ದುಹೋದ ಮಾತುಗಳಲ್ಲೇ ವಿಷಯವೆಲ್ಲ ಇದೆ ಎಂಬುದು ನನ್ನ ತಕರಾರು: ಯಾವ ಕೋಶ, ಅದರ ಜೊತೆ ಗುಳಿಯಲ್ಲಿ ಇನ್ನಾರು ಇದ್ದರು, ಅದನ್ನು ಎಬ್ಬಿಸಿದ್ದು ಯಾವುದು, ಔಷಧ ಎಷ್ಟು, ಕೊನೆಗೆ ಎಣಿಸಿದ್ದು ಏನನ್ನು. ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ಆಚೆಬದಿಯಿಂದ ಬಂದ ಔಷಧವೊಂದೇ ಸಾಕು.

2020ರ ಜುಲೈ ಎರಡನೆಯ ವಾರ. ನಗರಕ್ಕೆ ಮತ್ತೆ ಬೀಗ ಬೀಳುವ ಘೋಷಣೆಯಾಗಿತ್ತು; 14ರ ರಾತ್ರಿಯಿಂದ ಬೀಗ ಬಿತ್ತು ಕೂಡ. ಅದೇ ವಾರ ಇಟೋಲಿಜುಮಾಬ್ ಎಂಬ ಹೆಸರು ಎಲ್ಲರ ಬಾಯಿಗೆ ಬಂತು. ಕೋವಿಡ್ ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಶ್ವಾಸಕೋಶವನ್ನು ಹಾಳುಮಾಡುವ ಹಂತದಲ್ಲಿ, ತುರ್ತು ಬಳಕೆಗೆ ಮಾತ್ರ ಎಂಬ ಷರತ್ತಿನೊಂದಿಗೆ, ಕೇಂದ್ರದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟಿದ್ದರು. ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಷರತ್ತು ಬರಲಿಲ್ಲ, ಹೆಮ್ಮೆ ಮಾತ್ರ ಬಂತು. ‘ನಮ್ಮ ಊರಿನದೇ ಔಷಧವಂತೆ ಸಾರ್, ಮನೆಯಲ್ಲಿ ಒಂದು ತರಿಸಿ ಇಟ್ಟುಕೊಳ್ಳಬಹುದೇ?’ ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನನ್ನನ್ನು ಕೇಳಿದರು. ಅದು ರಕ್ತನಾಳಕ್ಕೆ ಹನಿಹನಿಯಾಗಿ ಏರಿಸಬೇಕಾದ ಔಷಧ, ಬಾಟಲಿಯೊಂದಕ್ಕೆ ಸುಮಾರು 8,000 ರೂಪಾಯಿ ಎಂದೆ. ಅವರಿಗೆ ಬೇಸರವಾಯಿತು. ನನಗೂ ಆಯಿತು, ಬೇರೆ ಕಾರಣಕ್ಕೆ.

‘ನಮ್ಮ ಊರಿನದು’ ಎಂಬುದು ಅರ್ಧ ನಿಜ. ಇಟೋಲಿಜುಮಾಬ್ ಒಂದು ಪ್ರತಿಕಾಯ, ಅಂದರೆ ಒಂದು ನಿರ್ದಿಷ್ಟ ಗುರಿಗೆ ಹೋಗಿ ಅಂಟಿಕೊಳ್ಳುವ ಪ್ರೋಟೀನು. ಅದರ ಮೂಲ ಕ್ಯೂಬಾದ ರಾಜಧಾನಿ ಹವಾನಾದ ಆಣ್ವಿಕ ರೋಗನಿರೋಧಶಾಸ್ತ್ರ ಕೇಂದ್ರದಲ್ಲಿದೆ. ಮೊದಲು ಇಲಿಯ ಪ್ರತಿಕಾಯವಾಗಿದ್ದುದನ್ನು ಮನುಷ್ಯರ ಮೈ ಒಪ್ಪುವಂತೆ ಮಾರ್ಪಡಿಸಿದರು. ಅದನ್ನು ಬಯೋಕಾನ್ ಬೆಳೆಸಿ, 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಆಲ್ಜುಮಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಅದು ಹಿಡಿಯುವುದು ಸಿಡಿ6 ಎಂಬ ಪ್ರೋಟೀನನ್ನು. ಟಿ ಕೋಶದ ಹೊರಮೈಯಲ್ಲಿ, ಮೂರು ಗಂಟುಗಳ ಕೋಲಿನಂತೆ, ಸಿಡಿ6 ಹೊರಚಾಚಿರುತ್ತದೆ. ಶತ್ರುವಿನ ಚೂರನ್ನು ತಂದು ತೋರಿಸುವ ಇನ್ನೊಂದು ಕೋಶದ ಮೈಮೇಲೆ ಆಲ್ಕ್ಯಾಮ್ ಎಂಬ ಪ್ರೋಟೀನು ಇರುತ್ತದೆ. ಇವೆರಡೂ ಕೈ ಹಿಡಿದಾಗ ಎರಡು ಕೋಶಗಳ ಮಾತುಕತೆ ಗಟ್ಟಿಯಾಗುತ್ತದೆ, ಟಿ ಕೋಶ ಇನ್ನಷ್ಟು ಕೆರಳುತ್ತದೆ. ಆಲ್ಕ್ಯಾಮ್ ಹಿಡಿಯುವುದು ಕೋಶಕ್ಕೆ ಅಂಟಿಕೊಂಡ ಮೂರನೆಯ ಗಂಟನ್ನು. ಇಟೋಲಿಜುಮಾಬ್ ಕೂರುವುದು ತುದಿಯ ಮೊದಲನೆಯ ಗಂಟಿನ ಮೇಲೆ. ಬಸ್ಸಿನಲ್ಲಿ ಸೀಟನ್ನೇ ಹಿಡಿಯದೆ ಪಕ್ಕದಲ್ಲಿ ದೊಡ್ಡ ಲಗೇಜು ಇಟ್ಟರೂ ಆ ಸೀಟಿಗೆ ಯಾರೂ ಬಂದು ಕೂರಲಾರರಲ್ಲ, ಹಾಗೆ ಅಡ್ಡಿಯಾಗುತ್ತದೆ ಎಂಬುದು ಒಂದು ವಿವರಣೆ. ಕೈಹಿಡಿತಕ್ಕೆ ಅಡ್ಡಿಯೇ ಆಗದೆ ಒಳಗಿನ ಸಂಕೇತ ಮಾತ್ರ ತಗ್ಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ತಟ್ಟೆಯ ಪುರಾವೆ ಇದೆ. ಕೋಶಗಳನ್ನು ಎಬ್ಬಿಸಿದ ಮೇಲೆ ಈ ಔಷಧ ಸೇರಿಸಿದರೆ ಅವು ಹೆಚ್ಚುವುದು ಕಡಿಮೆಯಾಗುತ್ತದೆ, ಇಂಟರ್‌ಫೆರಾನ್ ಗಾಮಾ ಮೊದಲಾದ, ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸುರಿಸುವ ಉರಿಯೂತದ ಪ್ರೋಟೀನುಗಳು, ಅಂದರೆ ಸೈಟೋಕೈನ್‌ಗಳು ಇಳಿಯುತ್ತವೆ. ಇದರಲ್ಲಿ ಹೆಚ್ಚು ವಿವಾದವಿಲ್ಲ. ಸಿಡಿ6 ಮಾತ್ರ ಸುಲಭದ ಗಿರಾಕಿಯಲ್ಲ. ಅದನ್ನು ತೆಗೆದುಹಾಕಿದ ಇಲಿಗಳ ಮೇಲಿನ ಅಧ್ಯಯನಗಳಲ್ಲಿ ಕೆಲವು ಅದನ್ನು ವೇಗವರ್ಧಕವೆಂದೂ ಕೆಲವು ಬ್ರೇಕೆಂದೂ ಹೇಳುತ್ತವೆ. ಅದರ ಮೇಲೆ, ಈ ಔಷಧಕ್ಕೆ ಇಲಿಯ ಸಿಡಿ6 ಸಿಗುವುದಿಲ್ಲ. ಮನುಷ್ಯರ ಸಿಡಿ6 ಇಟ್ಟುಕೊಂಡ ವಿಶೇಷ ಇಲಿಗಳನ್ನೇ ಸಿದ್ಧಮಾಡಬೇಕು. ಹಾಗಾಗಿ ತಟ್ಟೆಯ ಮಾತಿಗೆ ಇಲ್ಲಿ ಮಾಮೂಲಿಗಿಂತ ಹೆಚ್ಚು ತೂಕ ಬಂತು.

ತಟ್ಟೆಗೆ ಹೋಗುವ ಕೋಶ ಎಲ್ಲಿಂದ ಬರುತ್ತದೆ? ದಾನಿಯ ರಕ್ತದಿಂದ. ರಕ್ತವನ್ನು ಒಂದು ದಟ್ಟ ದ್ರವದ ಮೇಲೆ ಮೆಲ್ಲಗೆ ಇಳಿಸಿ ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ಹಾಲಿನ ಕೆನೆಯಂಥ ಒಂದು ತೆಳುಪದರ ಉಳಿಯುತ್ತದೆ. ಆ ಕೆನೆಯನ್ನು ಪಿಪೆಟ್ಟಿನಲ್ಲಿ ಹೀರಿ ತೆಗೆದರೆ ಸಿಗುವುದು ಟಿ ಕೋಶ, ಬಿ ಕೋಶ, ಮಾನೊಸೈಟ್ ಎಂಬ ಬಗೆಬಗೆಯ ಬಿಳಿ ರಕ್ತಕಣಗಳೆಲ್ಲ ಕಲೆತ ಮಿಶ್ರಣ. ಅವು ನಿದ್ದೆಯಲ್ಲಿರುತ್ತವೆ. ನಿದ್ದೆಯಲ್ಲಿರುವವರ ಮೇಲೆ ನಿದ್ದೆಮಾತ್ರೆಯ ಪರಿಣಾಮ ನೋಡಲಾಗದು. ಆದ್ದರಿಂದ ಮೊದಲು ಎಬ್ಬಿಸಬೇಕು. ಎಬ್ಬಿಸುವ ಹಳೆಯ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನು ಮನುಷ್ಯರ ಲಿಂಫೊಸೈಟುಗಳನ್ನು, ಅಂದರೆ ಟಿ ಕೋಶ, ಬಿ ಕೋಶಗಳ ಬಳಗವನ್ನು, ಬಡಿದೆಬ್ಬಿಸಿ ವಿಭಜನೆಗೆ ಹಚ್ಚುತ್ತದೆ ಎಂಬುದನ್ನು ಪೀಟರ್ ನೋವೆಲ್ 1960ರಲ್ಲಿ ತೋರಿಸಿದರು. ಅರೆಬೆಂದ ರಾಜ್ಮಾ ತಿಂದು ಹೊಟ್ಟೆ ಕೆಡಿಸಿಕೊಂಡವರಿಗೆ ಈ ಪ್ರೋಟೀನಿನ ಪರಿಚಯ ಬೇರೆ ಬಗೆಯಲ್ಲಿ ಆಗಿರುತ್ತದೆ. ಈಗ ಹೆಚ್ಚಾಗಿ ಬಳಸುವುದು ಟಿ ಕೋಶದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವ ಪ್ರತಿಕಾಯಗಳನ್ನು. ಯಾವುದರಿಂದ ಎಬ್ಬಿಸಿದರೂ ಅದು ಕಿವಿಯ ಬಳಿ ತಮಟೆ ಬಾರಿಸಿದಂತೆಯೇ. ನಿಜವಾದ ವೈರಾಣು ಬಂದಾಗ ಏಳುವುದು ಸಾವಿರಾರು ಟಿ ಕೋಶಗಳಲ್ಲಿ ಒಂದೋ ಎರಡೋ. ತಮಟೆಗೆ ಬಹುಪಾಲು ಎಲ್ಲವೂ ಏಳುತ್ತವೆ.

ಎದ್ದ ಕೋಶಗಳು ಔಷಧ ಸೇರಿಸಿದಾಗ ಸುಮ್ಮನಾದವು ಅನ್ನೋಣ. ಅವು ಶಾಂತವಾದವೋ ಸತ್ತವೋ? ಸತ್ತ ಕೋಶವೂ ಸೈಟೋಕೈನ್ ಸುರಿಸುವುದಿಲ್ಲ, ವಿಭಜನೆಯಾಗುವುದಿಲ್ಲ. ಹಾಗಾಗಿ ಒಳ್ಳೆಯ ಪ್ರಯೋಗಾಲಯಗಳು ಬದುಕಿರುವ ಕೋಶಗಳ ಲೆಕ್ಕವನ್ನು ಪಕ್ಕದಲ್ಲೇ ಕೊಡುತ್ತವೆ. ಸುದ್ದಿಯಲ್ಲಿ ಆ ಲೆಕ್ಕ ಬಂದದ್ದನ್ನು ನಾನು ಕಂಡಿಲ್ಲ.

ಇಟೋಲಿಜುಮಾಬ್ ಕತೆಯ ಸ್ವಾರಸ್ಯ ಮುಂದೆ ಇದೆ. ಈ ಔಷಧ ಬಿದ್ದ ಮೇಲೆ ಟಿ ಕೋಶದ ಮೈಮೇಲಿನ ಸಿಡಿ6 ಕಾಣೆಯಾಗುವುದನ್ನು ಗಮನಿಸಿದರು. ಕೋಶ ಅದನ್ನು ಒಳಗೆಳೆದುಕೊಂಡಿರಲಿಲ್ಲ. ಯಾವುದೋ ಕತ್ತರಿ ಅದನ್ನು ಹೊರಗಿನಿಂದಲೇ ಕತ್ತರಿಸಿತ್ತು. ಈ ಕತ್ತರಿಸುವಿಕೆಗೆ ಗುಳಿಯಲ್ಲಿ ಮಾನೊಸೈಟುಗಳು ಇರಲೇಬೇಕು. ಪ್ರತಿಕಾಯದ ಒಂದು ತುದಿ ಟಿ ಕೋಶವನ್ನು ಹಿಡಿದರೆ ಇನ್ನೊಂದು ತುದಿಯನ್ನು ಮಾನೊಸೈಟ್ ಹಿಡಿಯಬಲ್ಲದು. ಹೀಗೆ ಸಿಡಿ6 ಕಳೆದುಕೊಂಡ ಟಿ ಕೋಶ ಮುಂದಿನ ಕರೆಗೂ ಸರಿಯಾಗಿ ಓಗೊಡುವುದಿಲ್ಲ. ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ಒಬ್ಬ ಶಿಸ್ತಿನ ಸಂಶೋಧಕ ‘ನನಗೆ ಶುದ್ಧ ಟಿ ಕೋಶಗಳೇ ಬೇಕು’ ಎಂದು ಮಾನೊಸೈಟುಗಳನ್ನು ಸೋಸಿ ತೆಗೆದರೆ ಅವನಿಗೆ ಔಷಧದ ಅರ್ಧ ಕೆಲಸ ಕಾಣುವುದೇ ಇಲ್ಲ. ಪಕ್ಕದ ಮೇಜಿನಲ್ಲಿ ಕೆನೆಯನ್ನು ಹಾಗೆಯೇ ಬಳಸಿದವಳಿಗೆ ಕಾಣುತ್ತದೆ. ಇಬ್ಬರೂ ಬರೆಯುವುದು ‘ಟಿ ಕೋಶಗಳ ಮೇಲೆ ಇಟೋಲಿಜುಮಾಬ್ ಪರಿಣಾಮ’ ಎಂದೇ; ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಗುಳಿಯೊಳಗಿನ ವ್ಯವಸ್ಥೆಯನ್ನು ಸಣ್ಣ ವಿಷಯ ಎಂದುಕೊಂಡದ್ದರ ಬೆಲೆಯನ್ನು ಲಂಡನ್ ಒಮ್ಮೆ ತೆತ್ತಿದೆ. 2006ರ ಮಾರ್ಚ್ 13ರಂದು ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಪ್ರತಿಕಾಯವನ್ನು ಮೊದಲ ಬಾರಿಗೆ ಕೊಟ್ಟರು. ಟಿ ಕೋಶದ ಸಿಡಿ28 ಎಂಬ ಗುಂಡಿಯನ್ನು ಒತ್ತುವ ಔಷಧ ಅದು. ಮಂಗಗಳಿಗೆ ಅದರ ಐನೂರು ಪಟ್ಟು ಕೊಟ್ಟಾಗಲೂ ಏನೂ ಆಗಿರಲಿಲ್ಲ. ಮನುಷ್ಯರ ರಕ್ತಕಣಗಳಿದ್ದ ತಟ್ಟೆಯಲ್ಲೂ ಅಪಾಯದ ಸುಳಿವು ಸಿಕ್ಕಿರಲಿಲ್ಲ. ಔಷಧ ಏರಿಸಿದ ಒಂದೂವರೆ ಗಂಟೆಯೊಳಗೆ ಆರೂ ಜನರ ಮೈಯಲ್ಲಿ ಸೈಟೋಕೈನುಗಳ ಬಿರುಗಾಳಿ ಎದ್ದಿತು. ಒಂದೊಂದಾಗಿ ಅಂಗಗಳು ಕೈಕೊಟ್ಟವು. ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ಪಡೆದು ಆರೂ ಮಂದಿ ಬದುಕಿಕೊಂಡರು.

ತಟ್ಟೆ ಏಕೆ ಬಾಯಿ ಬಿಡಲಿಲ್ಲ ಎಂದು ಹುಡುಕಲು ವರ್ಷಗಳು ಬೇಕಾದವು. ದ್ರವದಲ್ಲಿ ತೇಲುವ ಪ್ರತಿಕಾಯಕ್ಕೆ ಕೋಶಗಳು ತೆಪ್ಪಗಿದ್ದವು. ಅದೇ ಪ್ರತಿಕಾಯವನ್ನು ಗುಳಿಯ ತಳಕ್ಕೆ ಒಣಗಿಸಿ ಅಂಟಿಸಿದರೆ ಕೆರಳಿದವು. ಇನ್ನೊಂದು ತಂಡ ಬೇರೆ ದಾರಿ ಹಿಡಿಯಿತು. ರಕ್ತದ ಕೋಶಗಳನ್ನು ಎರಡು ದಿನ ಒತ್ತೊತ್ತಾಗಿ ತುಂಬಿಟ್ಟು, ಆಮೇಲೆ ತೇಲುವ ಪ್ರತಿಕಾಯವನ್ನೇ ಕೊಟ್ಟರೂ ಅವು ಕೆರಳಿದವು. ನಮ್ಮ ಮೈಯ ಲಿಂಫೊಸೈಟುಗಳಲ್ಲಿ ಯಾವುದೇ ಗಳಿಗೆಯಲ್ಲಿ ರಕ್ತದಲ್ಲಿರುವುದು ಶೇಕಡಾ ಎರಡರಷ್ಟು; ಉಳಿದವು ದುಗ್ಧಗ್ರಂಥಿ, ಗುಲ್ಮ, ಕರುಳುಗಳಲ್ಲಿ ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಕಬ್ಬನ್ ಪಾರ್ಕಿನಲ್ಲಿ ಚದುರಿ ಕೂತವರ ನಡವಳಿಕೆ ನೋಡಿ ಮೆಜೆಸ್ಟಿಕ್ಕಿನ ನೂಕುನುಗ್ಗಲನ್ನು ಊಹಿಸಿದಂತಾಗಿತ್ತು. ಮಂಗಗಳ ವಿಷಯದಲ್ಲಿ ಉತ್ತರ ಇನ್ನೂ ಸರಳ: ಬಿರುಗಾಳಿ ಎಬ್ಬಿಸುವ ಬಗೆಯ ಅನುಭವಿ ಟಿ ಕೋಶಗಳ ಮೇಲೆ ಅವುಗಳಲ್ಲಿ ಸಿಡಿ28 ಗುಂಡಿಯೇ ಇರಲಿಲ್ಲ.

ಪ್ರಮಾಣದ ಪ್ರಶ್ನೆಗೆ ಬಂದರೆ ಅರಿಶಿನಕ್ಕಿಂತ ಒಳ್ಳೆಯ ಉದಾಹರಣೆ ಸಿಗದು, ಹೇಳಿದರೆ ಮನೆಯ ಹಿರಿಯರಿಗೆ ಸಿಟ್ಟು ಬರುತ್ತದೆ ಎಂಬುದೊಂದೇ ತೊಡಕು. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಉರಿಯೂತದ ಸಂಕೇತಗಳನ್ನು ಅಡಗಿಸುವುದು ನಿಜ. ಅಲ್ಲಿ ಬಳಸುವ ಪ್ರಮಾಣ ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಐವತ್ತು ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ದಟ್ಟವಾಗಿದೆ ಎಂಬುದರ ಅಳತೆ). ಬಾಯಿಯಿಂದ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ತೆಗೆದುಕೊಂಡವರ ರಕ್ತದಲ್ಲಿ ಒಂದು ಅಧ್ಯಯನ ಕಂಡ ಗರಿಷ್ಠ ಪ್ರಮಾಣ ಸರಾಸರಿ ಎರಡು ಮೈಕ್ರೋಮೋಲಾರನ್ನೂ ಮುಟ್ಟಲಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ ಮೂರರಷ್ಟು ಎಂದಿಟ್ಟುಕೊಂಡರೂ 8 ಗ್ರಾಂ ಆಗಲು ಕಾಲು ಕಿಲೋಗೂ ಹೆಚ್ಚು ಪುಡಿ ಬೇಕು. ರಾತ್ರಿಯ ಹಾಲಿಗೆ ಹಾಕುವುದು ಒಂದು ಚಿಟಿಕೆ. ಇಷ್ಟಕ್ಕೇ ಮುಗಿಯದು: ಕರ್ಕ್ಯುಮಿನ್ ಬೆಳಕು ಬಿದ್ದರೆ ತಾನೇ ಹೊಳೆಯುತ್ತದೆ, ಕೋಶಗಳನ್ನು ಎಣಿಸುವ ಅನೇಕ ಯಂತ್ರಗಳು ನೋಡುವುದೂ ಹೊಳಪನ್ನೇ. ಔಷಧದ ಹೊಳಪನ್ನು ಕೋಶದ ಹೊಳಪೆಂದು ಓದಿಕೊಂಡ ಅಧ್ಯಯನಗಳ ಬಗ್ಗೆ ರಸಾಯನಶಾಸ್ತ್ರಜ್ಞರು ಗಟ್ಟಿಯಾಗಿಯೇ ಎಚ್ಚರಿಸಿದ್ದಾರೆ. ನಾನು ಅರಿಶಿನದ ಹಾಲು ಕುಡಿಯುತ್ತೇನೆ, ರುಚಿಗೆ.

2020ಕ್ಕೆ ಮರಳೋಣ. ಇಟೋಲಿಜುಮಾಬಿಗೆ ಅನುಮತಿ ಸಿಕ್ಕಿದ್ದು ಮೂವತ್ತು ರೋಗಿಗಳ ಪ್ರಯೋಗದ ಮೇಲೆ. ನಡೆದದ್ದು ಬೆಂಗಳೂರಿನಲ್ಲಲ್ಲ, ಮುಂಬೈ ಮತ್ತು ದೆಹಲಿಯ ನಾಲ್ಕು ಆಸ್ಪತ್ರೆಗಳಲ್ಲಿ. ಇಪ್ಪತ್ತು ಜನರಿಗೆ ಔಷಧ ಕೊಟ್ಟರು, ಯಾರೂ ಸಾಯಲಿಲ್ಲ. ಹತ್ತು ಜನರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ತಿಂಗಳೊಳಗೆ ಮೂವರು ತೀರಿಕೊಂಡರು. ಯಾರಿಗೆ ಔಷಧ ಸಿಕ್ಕಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು. ಔಷಧಕ್ಕೆ ಏನೂ ಶಕ್ತಿಯಿಲ್ಲ, ಮೂವರು ಹೇಗೂ ಸಾಯುವವರಿದ್ದರು ಎಂದು ಊಹಿಸಿಕೊಂಡರೂ, ಆ ಮೂವರೂ ಚೀಟಿ ಎತ್ತುವಾಗ ಹತ್ತು ಜನರ ಗುಂಪಿಗೇ ಬೀಳುವ ಸಂಭವ ನೂರಕ್ಕೆ ಸುಮಾರು ಮೂರು. ವಿಜ್ಞಾನದ ವಾಡಿಕೆಯಲ್ಲಿ ಐದಕ್ಕಿಂತ ಕಡಿಮೆಯಾದರೆ ಪಾಸು. ಆದರೆ ಔಷಧ ಪಡೆದವರಲ್ಲಿ ಒಬ್ಬನೇ ಒಬ್ಬ ತೀರಿಕೊಂಡಿದ್ದರೂ ಈ ಲೆಕ್ಕ ಪಾಸಾಗುತ್ತಿರಲಿಲ್ಲ. ದೊಡ್ಡ ಮೂರನೆಯ ಹಂತದ ಪ್ರಯೋಗವಿಲ್ಲದೆ ಅನುಮತಿ ಕೊಟ್ಟದ್ದಕ್ಕೆ ಆಕ್ಷೇಪ ಎದ್ದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕಾರ್ಯಪಡೆ ಇದನ್ನು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲಿಲ್ಲ.

ಕಂಪನಿಯನ್ನು ದೂಷಿಸಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣದು. ಆ ತಿಂಗಳುಗಳಲ್ಲಿ ಹಾಸಿಗೆ ಸಿಗದೆ ಅಲೆದವರಿಗೆ ಮೂವತ್ತರ ಲೆಕ್ಕವೂ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತೂಗಿ ನೋಡಲು ಇನ್ನೊಂದು ಲೆಕ್ಕ ಇಡುತ್ತೇನೆ. ಬ್ರಿಟನ್ನಿನ ರಿಕವರಿ ಎಂಬ ಕೋವಿಡ್ ಪ್ರಯೋಗದಲ್ಲಿ ಟೋಸಿಲಿಜುಮಾಬ್ ಎಂಬ ಇನ್ನೊಂದು ಪ್ರತಿಕಾಯವನ್ನು ಪರೀಕ್ಷಿಸಿದರು; ಅದು ಐಎಲ್-6 ಎಂಬ ಸೈಟೋಕೈನು ಕೋಶದ ಮೈಮೇಲೆ ಬಂದು ಕೂರುವ ಜಾಗವನ್ನು ಮುಚ್ಚುತ್ತದೆ. 4,116 ರೋಗಿಗಳ ಆ ಪ್ರಯೋಗದಲ್ಲಿ 28 ದಿನಗಳ ಸಾವು ಔಷಧ ಪಡೆದವರಲ್ಲಿ ಶೇಕಡಾ 31, ಪಡೆಯದವರಲ್ಲಿ 35. ನಿಜವಾದ ಲಾಭ ಇಷ್ಟೇ ತೆಳ್ಳಗಿರುತ್ತದೆ, ಅದನ್ನು ಕಾಣಲು ಸಾವಿರಗಟ್ಟಲೆ ಜನ ಬೇಕು. ಶೇಕಡಾ ಮೂವತ್ತರಿಂದ ಸೊನ್ನೆಗೆ ಇಳಿದ ಸಾವು ಕಂಡಾಗ ನಂಬಿಕೆಗಿಂತ ಅನುಮಾನವೇ ಮೊದಲು ಬರಬೇಕಿತ್ತು.

ಅದೇ ರಿಕವರಿ ಪ್ರಯೋಗ 2020ರ ಜೂನಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟೆರಾಯ್ಡಿನ ಫಲಿತಾಂಶ ಕೊಟ್ಟಿತ್ತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಮೂರರಲ್ಲಿ ಒಂದು ಭಾಗದಷ್ಟು ಇಳಿಯಿತು. ಆಮ್ಲಜನಕವೇ ಬೇಕಾಗದಿದ್ದವರಿಗೆ ಲಾಭ ಕಾಣಲಿಲ್ಲ. ತಟ್ಟೆಯಲ್ಲಿ ಸ್ಟೆರಾಯ್ಡ್ ಎಂದಿಗೂ ಒಂದೇ ಮಾತು ಹೇಳುತ್ತದೆ: ಅಡಗಿಸು. ರೋಗಿಯ ಯಾವ ದಿನದಲ್ಲಿ ಅಡಗಿಸಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಸ್ಟೆರಾಯ್ಡ್ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಮಾಡಿಸಿ, ಬಿಳಿಕಣ ಏರಿದ್ದನ್ನು ಕಂಡು ಗಾಬರಿಯಾಗುವುದುಂಟು. ಅಡಗಿಸುವ ಔಷಧ ಏರಿಸುವುದು ಹೇಗೆ? ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೊಫಿಲ್ ಕಣಗಳು ಕಳಚಿಕೊಂಡು ಹರಿವಿಗೆ ಸೇರುವುದು ಅದಕ್ಕೊಂದು ಮುಖ್ಯ ಕಾರಣ. ಪ್ಲಾಸ್ಟಿಕ್ ಗುಳಿಗೆ ರಕ್ತನಾಳದ ಗೋಡೆ ಎಲ್ಲಿಂದ ಬರಬೇಕು?

ತಟ್ಟೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸೋರಿಯಾಸಿಸ್‌ನಲ್ಲಿ ಅದರ ಮಾತು ನಡೆಯಿತು. ಭಾರತದಲ್ಲಿ 225 ರೋಗಿಗಳ ಮೇಲೆ ನಡೆದ ಮೂರನೆಯ ಹಂತದ ಪ್ರಯೋಗದಲ್ಲಿ, ಹನ್ನೆರಡು ವಾರಗಳಾಗುವಾಗ ರೋಗದ ಲಕ್ಷಣ ಮುಕ್ಕಾಲು ಪಾಲು ಇಳಿದವರು ಇಟೋಲಿಜುಮಾಬಿನ ಎರಡು ಗುಂಪುಗಳಲ್ಲಿ ಶೇಕಡಾ 27 ಮತ್ತು 36. ಹುಸಿಮದ್ದು ಪಡೆದವರಲ್ಲಿ ಶೇಕಡಾ 2. ಚರ್ಮದಲ್ಲಿ ಟಿ ಕೋಶಗಳು ವರ್ಷಗಟ್ಟಲೆ ಕೆರಳಿಯೇ ಇರುವ ರೋಗವದು. ಔಷಧಕ್ಕೆ ಕೆಲಸ ಮಾಡಲು ಕಾಲಾವಕಾಶವೂ ಇತ್ತು.

ತಟ್ಟೆಯನ್ನು ಎಲ್ಲಕ್ಕಿಂತ ಹೆಚ್ಚು ಹೋಲುವ ರೋಗ ಇನ್ನೊಂದಿದೆ. ಇಬ್ಬರು ದಾನಿಗಳ ಕೋಶಗಳನ್ನು ಒಂದೇ ಗುಳಿಗೆ ಹಾಕಿದರೆ ಒಬ್ಬರ ಟಿ ಕೋಶಗಳು ಇನ್ನೊಬ್ಬರ ಕೋಶಗಳ ಮೇಲೆ ತಿರುಗಿಬೀಳುತ್ತವೆ. ಇದು ಹಳೆಯ, ನೆಚ್ಚಿನ ಪ್ರಯೋಗ. ಅಸ್ಥಿಮಜ್ಜೆ ಕಸಿಯ ನಂತರ ಕೆಲವರಿಗೆ ಬರುವ ತೊಂದರೆಯೂ ಇದೇ: ದಾನಿಯಿಂದ ಬಂದ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ದಾಳಿಗಿಳಿಯುತ್ತವೆ. ಬಯೋಕಾನ್‌ನಿಂದ ಹಕ್ಕು ಪಡೆದ ಅಮೆರಿಕದ ಈಕ್ವಿಲಿಯಂ ಕಂಪನಿ ಈ ರೋಗಕ್ಕೆ ಇಟೋಲಿಜುಮಾಬನ್ನು ಮೂರನೆಯ ಹಂತದ ಪ್ರಯೋಗಕ್ಕೆ ಒಡ್ಡಿತು. 2025ರ ಮಾರ್ಚಿನಲ್ಲಿ ಫಲಿತಾಂಶ ಬಂತು. ಮುಖ್ಯ ಗುರಿ 29ನೆಯ ದಿನದ ಸ್ಥಿತಿ. ಆ ದಿನ ಔಷಧ ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದಿನ ತಿಂಗಳುಗಳ ಅಂಕಿಗಳು ಆಶಾದಾಯಕ ಎಂದು ಕಂಪನಿ ಹೇಳಿತು. ಗುರಿ ತಪ್ಪಿದ ಮೇಲೆ ತೋರಿಸುವ ಅಂಕಿಗಳನ್ನು ನಾನು ಅರ್ಧ ಬೆಲೆಗೆ ಮಾತ್ರ ಕೊಳ್ಳುತ್ತೇನೆ.

ಎರಡೂ ಗುಂಪಿನವರಿಗೆ ಜೊತೆಯಲ್ಲಿ ಸ್ಟೆರಾಯ್ಡ್ ಕೊಟ್ಟಿದ್ದರು. ಈ ರೋಗದಲ್ಲಿ ಕೊಡಲೇಬೇಕು. ಅಂದರೆ ಇಟೋಲಿಜುಮಾಬ್ ಮೈಗೆ ಬರುವಾಗ ಅಲ್ಲಿ ತಮಟೆಗೆ ಎದ್ದ ಹೊಸ ಕೋಶಗಳಿರಲಿಲ್ಲ, ಇನ್ನೊಂದು ಔಷಧದಿಂದ ಆಗಲೇ ಅರ್ಧ ಅಡಗಿದ ಕೋಶಗಳಿದ್ದವು. ಅಡಗಿದ ಕೋಶವನ್ನು ಇನ್ನಷ್ಟು ಅಡಗಿಸುವುದರಿಂದ ರೋಗಿಗೆ ಎಷ್ಟು ಲಾಭ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳಬೇಕೆಂದರೆ ತೊಂಬತ್ತಾರು ಗುಳಿಗಳಲ್ಲಿ ಒಂದು ಸಾಲಿಗಾದರೂ ಎರಡೂ ಔಷಧಗಳನ್ನು ಒಟ್ಟಿಗೆ ಹಾಕಿ, ಮೂರು ದಿನಕ್ಕೆ ನಿಲ್ಲಿಸದೆ, ಕೋಶಗಳು ಬದುಕಿರುವಷ್ಟು ದಿನ ಕಾಯಬೇಕು.